ಧಾರಾವಾಹಿಯ ಯಜಮಾನ ಸಾಯಬೇಕಿದ್ದ ದಿನ

ಮನೆಯನ್ನು ಶೂಟಿಂಗಿಗೆ ಕೊಡೋರಿಗೆ ನನ್ನದೊಂದೇ ಬುದ್ಧಿಮಾತು: ಬಾಡಿಗೆ ಕುದುರಿಸೋಕೆ ಮುಂಚೆ ಕತೆ ಏನು ಅಂತ ಕೇಳಿ. ಕರೆಂಟು ಯಾರದು, ಗೋಡೆಗೆ ಮೊಳೆ ಹೊಡೆದರೆ ಸರಿ ಮಾಡೋರು ಯಾರು, ಲಾರಿ ಎಲ್ಲಿ ನಿಲ್ಲಬೇಕು, ಎಲ್ಲ ಮಾತಾಡಿಕೊಂಡಿದ್ದೆ. ಪಾಂಡವಪುರದ ಆಲೆಮನೆಗಳಿಂದ ಬೆಲ್ಲ ಎತ್ತಿ ಮಾರಿ ಬೆಳೆದವನಿಗೆ ವ್ಯಾಪಾರ ಯಾರೂ ಕಲಿಸಬೇಕಿಲ್ಲ. ಕತೆ ಮಾತ್ರ ಕೇಳಿರಲಿಲ್ಲ.

ಮನೆ ಬಾಡಿಗೆಗೆ ಹಿಡಿದ ಟೀವಿ ಚಾನೆಲ್ಲನ್ನು ಅದು ಹುಟ್ಟಿದಾಗಿನಿಂದ ನೋಡಿದೋರು ನಾವು. ಮೊದಮೊದಲು ಹಳೇ ಸಿನಿಮಾ, ಹಾಡು, ನಡುನಡುವೆ ಸೋಪಿನ ಜಾಹೀರಾತು. ಆಮೇಲೆ ಸಂಜೆಯ ಧಾರಾವಾಹಿಗಳು ಬಂದವು. ಹೆಸರು ಬದಲಾಯಿತು, ಪರದೆ ಮೂಲೆಯ ಗುರುತಿನ ಬಣ್ಣ ಬದಲಾಯಿತು, ಬಿಟ್ಟಿ ಸಿಗುತ್ತಿದ್ದದ್ದು ಕಾಸು ಕೊಟ್ಟು ನೋಡೋದಾಯಿತು. ಬೆಂಗಳೂರಿನ ಸೆಟ್ಟು ನೋಡಿ ಜನಕ್ಕೆ ಬೇಜಾರಾಯಿತೋ ಏನೋ, ನಿಜವಾದ ತೊಟ್ಟಿಮನೆ ಬೇಕು ಅಂತ ಕಿರಂಗೂರಿನ ನಮ್ಮ ಬಾಗಿಲಿಗೇ ಬಂದರು. ಮೈಸೂರಿನಲ್ಲಿ ಹೃದಯದ ಆಪರೇಷನ್ ಆಗಿ ಒಳಕೋಣೆಯಲ್ಲಿ ಮಲಗಿದ್ದ ಅಪ್ಪನಿಗೆ ಬಲು ಖುಷಿ. ದಿನಾ ನೋಡೋ ಧಾರಾವಾಹಿ ತನ್ನ ಮನೆಯಲ್ಲೇ ನಡೆಯುತ್ತಿತ್ತಲ್ಲ.

ಒಂದು ಬೆಳಿಗ್ಗೆ ಲಾರಿಯಿಂದ ಹಸಿ ಬಿದಿರು, ತೆಂಗಿನ ಗರಿ, ಹೊಸ ಮಡಕೆ ಇಳಿದವು. ಮದುವೆ ಚಪ್ಪರಕ್ಕಿರಬೇಕು ಅಂದುಕೊಂಡೆ. ಅವ್ವ ಹೊರಗೆ ಬಂದು, ಎರಡು ಉದ್ದ ಬಿದಿರಿಗೆ ಅಡ್ಡಪಟ್ಟಿ ಜೋಡಿಸುತ್ತಿದ್ದದ್ದು ನೋಡಿ ನನ್ನ ತೋಳು ಹಿಡಿದಳು.

"ಬಾಗ್ಲಲ್ಲಿ ಚಟ್ಟ ಕಟ್ಟುದ್ರೆ ಅದು ಬರಿದೆ ಓಗಾಕಿಲ್ಲ ಕಣ್ಲಾ. ಒಳಗೆ ನಿಮ್ಮಪ್ಪ ಮಲಗವ್ರೆ."

ದೋಷ ಇದೆ ಅಂತ ಜನ ಬಿಟ್ಟ ಮನೆಯನ್ನೇ ಚೌಕಾಸಿ ಮಾಡಿ ಕೊಂಡವನು ನಾನು. ಆದರೂ ಅವತ್ತು ಶೂಟಿಂಗಿನ ಮ್ಯಾನೇಜರ ಹತ್ತಿರ ಓಡಿದೆ. ಕೇಳಿದರೆ, ಇವತ್ತು ಧಾರಾವಾಹಿಯ ಯಜಮಾನ ಸಾಯ್ತಾನೆ ಸಾರ್, ಪಡಸಾಲೆಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ ಮಲಗಿಸಿ, ತಲೆದೆಸೆ ದೀಪ ಇಡ್ತೀವಿ ಅಂದ. ಬೇಡ ಅಂದೆ. ಕರಾರಿಗೆ ಸಹಿ ಹಾಕಿದ್ದೀರಲ್ಲ ಅಂದ.

ಬೈದರೆ ಕೆಲಸ ಕೆಡುತ್ತೆ. ಎದುರಿನವನಿಗೆ ಲಾಭ ತೋರಿಸಬೇಕು. "ಸತ್ತರೆ ನಿಮಗೆ ಎರಡು ದಿನದ ಅಳು," ಅಂದೆ. "ಕೋಮಾಕ್ಕೆ ಕಳಿಸಿ. ಬೇಕಾದಷ್ಟು ವಾರ ಅಳಿಸಬಹುದು."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಚಾನೆಲ್ಲಿನ ಆಫೀಸಿಗೆ ಫೋನು ಹಚ್ಚಿದ. ಅವನು ಮಾತಾಡುವಷ್ಟು ಹೊತ್ತೂ ನಾನು ಒಳಕೋಣೆಯ ಬಾಗಿಲಲ್ಲಿ ನಿಂತು, ನಿದ್ದೆಯಲ್ಲಿದ್ದ ಅಪ್ಪನ ಎದೆಯ ಮೇಲಿನ ಹೊದಿಕೆ ಏಳುತ್ತಾ ಇಳಿಯುತ್ತಾ ಅಂತ ನೋಡುತ್ತಿದ್ದೆ. ಆಫೀಸಿನವರು ಒಪ್ಪಿದರು. ಬಿದಿರು ಲಾರಿ ಹತ್ತಿತು.

ನನ್ನ ಭಯ ಮಾತ್ರ ಲಾರಿ ಹತ್ತಲಿಲ್ಲ. ಯಜಮಾನನ ಪಾತ್ರದ ನಟ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ನಮ್ಮ ಪಡಸಾಲೆಯಲ್ಲೇ ವಾರಗಟ್ಟಲೆ ಮಲಗಿದ. ದಿನಾ ಬೆಳಿಗ್ಗೆ ಇವತ್ತು ಸಾಯಲ್ಲ ತಾನೆ ಅಂತ ಕೇಳೋದೇ ನನ್ನ ಕೆಲಸವಾಯಿತು. ಯಮ ನೀವೇ ಸಾರ್, ನೀವು ಹೂಂ ಅನ್ನಬೇಕಷ್ಟೆ ಅಂತ ಮ್ಯಾನೇಜರು ಕಿಚಾಯಿಸುತ್ತಿದ್ದ.

ಕೊನೆಗೆ ಚಾನೆಲ್ಲಿನವರು ಆ ಹೊತ್ತಿಗೆ ಡಬ್ಬಿಂಗ್ ಧಾರಾವಾಹಿ ಹಾಕೋದು ಅಂತ ತೀರ್ಮಾನಿಸಿ, ನಮ್ಮದನ್ನು ಬೇಗ ಮುಗಿಸಿ ಅಂದರು. ಮುಗಿಸೋದು ಅಂದರೆ ಯಜಮಾನ ಸಾಯಲೇಬೇಕು; ನಮ್ಮ ಮನೆಯಲ್ಲಿ ಬೇಡ ಅಂತ ನಾನು ಕಾಲು ಹಿಡಿಯೋದೊಂದು ಬಾಕಿ. ಸಾವಿನ ದೃಶ್ಯವನ್ನು ಕೆ.ಆರ್.ಎಸ್. ಹತ್ತಿರ ಯಾರದೋ ಪಾಳು ಮನೆಯಲ್ಲಿ ತೆಗೆದರು.

ಅದು ಬರುವ ಸಂಜೆ ಕೇಬಲ್ಲು ಕಿತ್ತುಬಿಡೋಣ ಅಂದುಕೊಂಡೆ. ಅಪ್ಪ ಬಿಡಲಿಲ್ಲ, ದಿಂಬಿಗೆ ಒರಗಿ ಕೂತರು. ಪರದೆಯಲ್ಲಿ ದೀಪ, ಹೂವು, ಗೋಳು. ಹೊದಿಕೆ ಸರಿಮಾಡೋ ನೆಪದಲ್ಲಿ ನಾನು ಅವರ ಮಣಿಕಟ್ಟು ಹಿಡಿದೆ.

"ನನ್ ನಾಡಿ ಯಾಕ್ಲಾ ಇಡ್ಕಂಡಿದ್ದೀಯ?" ಅಂದರು ಅಪ್ಪ, ಟೀವಿಯಿಂದ ಕಣ್ಣು ತೆಗೆಯದೆ. "ಸತ್ತೋನು ಅಲ್ಲಿ ಅವ್ನೆ, ನೋಡು."

ಜಾಹೀರಾತು ಬರೋವರೆಗೂ ನಾನು ಕೈ ಬಿಡಲಿಲ್ಲ.