ಪುಣೆಗೆ ಒಂದು ತಾಸು ಹತ್ತು ನಿಮಿಷ

೨೦೦೬ನೇ ಇಸವಿ. ನಾನಾಗ ಸಿಕಂದರಾಬಾದಿನ ಒಂದು ಸಣ್ಣ ಟ್ರಾವೆಲ್ಸ್ ಕಚೇರಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸದಲ್ಲಿದ್ದೆ. ಗಿರಾಕಿಗಳು ಹೆಚ್ಚಾಗಿ ಸಾಫ್ಟ್‌ವೇರ್ ಕಂಪನಿಗಳವರು. ಯಾವ ಊರು ಎಷ್ಟು ದೂರ, ಎಷ್ಟು ಹೊತ್ತಿನ ದಾರಿ ಎಂಬುದೆಲ್ಲ ಬಾಯಿಪಾಠವಾಗಿತ್ತು.

ಒಂದು ಬೆಳಿಗ್ಗೆ ಮೌನೇಶ ಎಂಬಾತ ಬಂದ. ಯಾದಗಿರಿ ಕಡೆಯವನು, ಹೈದರಾಬಾದಿನ ಮಾದಾಪುರದಲ್ಲಿ ಏಳುತ್ತಿದ್ದ ಐಟಿ ಕಟ್ಟಡವೊಂದರಲ್ಲಿ ಗಾರೆ ಕೆಲಸದ ಗೌಂಡಿ. ಪುಣೆಯಲ್ಲಿ ಅದೇ ಕೆಲಸ ಮಾಡುತ್ತಿದ್ದ ಅವನ ತಮ್ಮ ಹಿಂದಿನ ದಿನ ಮೂರನೇ ಮಹಡಿಯಿಂದ ಬಿದ್ದಿದ್ದ. ಮನೆಯವರು ಯಾರಾದರೂ ಕೂಡಲೇ ಬರಬೇಕೆಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು.

ನಾನು ರಾಯಚೂರಿನವಳು ಎಂದು ತಿಳಿದು ಅವನಿಗೆ ಸ್ವಲ್ಪ ಧೈರ್ಯ ಬಂತು. "ರೈಲಿಗಿ ಹೋದ್ರ ರಾತ್ರಿ ಆಕ್ಕೈತ್ರಿ ಅಕ್ಕಾರ. ಇಮಾನಕ್ಕ ಎಷ್ಟೊತ್ತು ಹಿಡೀತೈತಿ?"

"ಐನೂರು ಕಿಲೋಮೀಟರ್ ಐತಿ ಅಣ್ಣಾ, ಒಂದ್ ತಾಸು ಹತ್ತು ನಿಮಿಷ. ಹನ್ನೆರಡೂವರೆಗೆ ಬಿಡ್ತೈತಿ," ಎಂದೆ.

ಟಿಕೆಟ್ ಹಿಡಿದು ಹೋದ. ಮುಂಚಿತವಾಗಿ ಹೋಗಬೇಕೆಂದು ನಾನು ಹೇಳಲಿಲ್ಲ. ಎದುರಿಗೆ ಇನ್ನೊಬ್ಬ ಗಿರಾಕಿ ಬಂದು ಕುಳಿತಿದ್ದರು.

ಹನ್ನೆರಡು ಇಪ್ಪತ್ತಕ್ಕೆ ಕಚೇರಿಗೆ ಫೋನ್ ಬಂತು. "ಒಳಗ ಬಿಡವಲ್ರು ಅಕ್ಕಾರ. ಇನ್ನೂ ಹತ್ತು ನಿಮಿಷ ಐತಿ. ಬಟ್ಟಿ ತರಾಕ ಶೆಡ್ಡಿಗಿ ಹೋಗಿದ್ದೆ."

ಆಟೊ ಹಿಡಿದು ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಹೋದೆ. ವಿಮಾನ ಹೋಗಿಬಿಟ್ಟಿತ್ತು. ಮುಂದಿನದು ಸಂಜೆ ಐದಕ್ಕೆ. ಅದಕ್ಕೆ ಟಿಕೆಟ್ ಬದಲಾಯಿಸಿ, ತಡವಾಗುತ್ತದೆಂದು ಆಸ್ಪತ್ರೆಗೆ ತಿಳಿಸಲು ನನ್ನ ಮೊಬೈಲ್ ಕೊಟ್ಟೆ.

ಆ ಕಡೆ ಡಾಕ್ಟರು ಮಾತಾಡಿದರು. ಮೌನೇಶ ಕೇಳಿಸಿಕೊಂಡು, ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದ.

"ಕಾಲಿಗಿ ನಂಜು ಏರೈತಂತ್ರಿ. ಮಣಕಾಲ ಮ್ಯಾಲಿನ ತನಕ ತೆಗೀಬೇಕಂತ. ಸಂಜಿತನಕ ತಡಿಯಂಗಿಲ್ಲಂತ. ನಿಮ್ಮ ತಮ್ಮ ಆಗಿದ್ರ ಏನ್ ಹೇಳ್ತಿದ್ರಿ?"

ನನಗೆ ಇಪ್ಪತ್ತನಾಲ್ಕು ವರ್ಷ. "ಜೀವ ಉಳೀಲಿ ಅಂತಿದ್ದೆ," ಎಂದೆ.

ಅವನು ಫೋನಿಗೆ "ಕರೋ ಸಾಬ್" ಎಂದ. ಆಮೇಲೆ ಮೊಬೈಲನ್ನು ಅಂಗಿಯ ತುದಿಯಿಂದ ಒರೆಸಿ ನನಗೆ ಕೊಟ್ಟ. ಐದರ ವಿಮಾನಕ್ಕೆ ಅವನು ಒಳಗೆ ಹೋಗುವವರೆಗೆ ನಾನು ಅಲ್ಲೇ ಇದ್ದೆ.

ತಮ್ಮ ಬದುಕಿದ. ನಾಲ್ಕೈದು ತಿಂಗಳ ಮೇಲೆ ಮೌನೇಶ ಅವನನ್ನು ಕರೆದುಕೊಂಡು ಕಚೇರಿಗೆ ಬಂದ. ಹುಡುಗ ಊರುಗೋಲು ಗೋಡೆಗೆ ಆನಿಸಿ ಬಾಗಿಲ ಬಳಿ ಕುಳಿತ. ಮೌನೇಶ ನನ್ನ ಮೇಜಿನ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ: "ಡಾಕ್ಟರ ತಾವ ಮಾಡ್ಯಾರಂತ ಹೇಳೀನ್ರಿ. ನಾ ಹ್ಞೂಂ ಅಂದಿದ್ದು ಅವಗ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ." ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಂದಿನಿಂದ, ಎಷ್ಟೇ ಗಡಿಬಿಡಿಯಿದ್ದರೂ, ಎರಡು ತಾಸು ಮೊದಲೇ ಹೋಗಿ ಎಂದು ಹೇಳದೆ ನಾನು ಯಾರ ಕೈಗೂ ಟಿಕೆಟ್ ಕೊಟ್ಟಿಲ್ಲ. ಮಧ್ಯಾಹ್ನದ ವಿಮಾನ ಸಿಕ್ಕಿದ್ದರೂ ಆ ಕಾಲು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇರಬಹುದು. ಆದರೆ 'ಕರೋ ಸಾಬ್' ಎಂಬ ಆ ಮಾತನ್ನು ಮೌನೇಶ ಆಸ್ಪತ್ರೆಯಲ್ಲೇ, ತಮ್ಮನ ಕೈ ಹಿಡಿದುಕೊಂಡು ಹೇಳಬಹುದಿತ್ತು.