ಕಲ್ಲಿಗೆ ಕಾಲು ಬಂದ ಪದ

ನಮ್ಮ ಭಜನೆಯಲ್ಲಿ ಹಾಡುವವರು ಬೇಕಾದಷ್ಟು ಜನ ಇದ್ದಾರೆ, ಅರ್ಥ ಹೇಳುವವನು ಮಾತ್ರ ಒಬ್ಬನೇ, ಯರ್ರೆಪ್ಪ. ಕುರಿ ಕಾಯುತ್ತ ಬೆಳೆದವನು, ಈಗ ಹಗರಿಬೊಮ್ಮನಹಳ್ಳಿ ರಸ್ತೆಯ ಪಕ್ಕದ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಾನೆ. ಸೋಮವಾರ ಸಂಜೆ ಬೀರಲಿಂಗನ ಗುಡಿಯಲ್ಲಿ ಗುರುಸಂಗಪ್ಪ ತತ್ವಪದದ ಒಂದು ನುಡಿ ಹಾಡಿ ನಿಲ್ಲಿಸಬೇಕು, ಯರ್ರೆಪ್ಪ ಅದರ ಅರ್ಥ ಬಿಡಿಸಬೇಕು, ಆಮೇಲೆಯೇ ಮುಂದಿನ ನುಡಿ. ನಾನು ತಾಳ ಹಾಕುವವನು. ಬಾಯಿಗೆ ಕೆಲಸವಿಲ್ಲದ್ದರಿಂದ ಎಲ್ಲರ ಮುಖ ನೋಡುತ್ತ ಕೂರುತ್ತೇನೆ.

ಅರ್ಥ ಹೇಳುವಾಗ ಒಂದು ದೃಷ್ಟಾಂತ ಕೊಡಬೇಕು, ಆದರೆ ಊರಿನ ಯಾರ ಹೆಸರೂ ಅದರಲ್ಲಿ ಬರಬಾರದು. ಯರ್ರೆಪ್ಪ ಇದರಲ್ಲಿ ಗಟ್ಟಿಗ. "ಒಂದೂರಾಗ ಒಬ್ಬ ಇದ್ದ" ಎಂದು ಶುರು ಮಾಡಿದನೆಂದರೆ ಬೀಡಿ ಸೇದಲು ಹೊರಗೆ ಹೋದವರೂ ಒಳಗೆ ಬರುತ್ತಾರೆ. ಹೊಳಲು, ಚಿಗಟೇರಿಯಿಂದಲೂ ಅವನಿಗೆ ಕರೆ ಬರುತ್ತದೆ. ಅದರಿಂದ ಅವನಿಗೆ ಸ್ವಲ್ಪ ಕೋಡು ಮೂಡಿತ್ತು ಎಂದರೆ ನನಗೆ ಹೊಟ್ಟೆಕಿಚ್ಚು ಅನ್ನುತ್ತೀರಿ. ಅನ್ನಿ, ಅದೂ ಇತ್ತು.

ಗುರುಸಂಗಪ್ಪನದು ಇನ್ನೊಂದು ತರಹ. ಹೋಟೆಲಿನಲ್ಲಿ ಚಹಾ ಬೇಕಾದರೂ ಬೆರಳು ತೋರಿಸುವ ಮನುಷ್ಯ. ಅವನಿಗಿರುವುದೆಲ್ಲ ಹಾರ್ಮೋನಿಯಂ ಪೇಟಿ ಮತ್ತು ಕಂಠ. ಇಬ್ಬರ ಹೊಲಗಳೂ ಅಕ್ಕಪಕ್ಕ, ಬದುವಿನ ಬೇವಿನ ಗಿಡದ ಕೆಳಗೆ ಬುತ್ತಿ ಹಂಚಿಕೊಂಡು ಉಣ್ಣುತ್ತಾರೆ.

ಸುಗ್ಗಿ ಮುಗಿದ ಮೇಲೆ ಒಂದು ಸೋಮವಾರ ಗುರುಸಂಗಪ್ಪ ಎಲ್ಲಿಂದಲೋ ಹೊಸ ಪದ ಕಲಿತು ಬಂದಿದ್ದ.

"ಬಂಗಾರದ ಬಟ್ಟಲಾಗ ಹಸಿವ ಕುಡಿದಾನ
ತುಂಬಿತೇನೋ ಎಂದರ ಬಟ್ಟಲ ಕಡಿದಾನ
ಗಡಿಯ ಕಲ್ಲಿಗೆ ಕಾಲು ಬಂದಾವ
ನಡೆದ ಕಲ್ಲಿಗೆ ಕಾಯಿ ಒಡೆದಾನ"

ಹಾಡು ನಿಂತಿತು. ಯರ್ರೆಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡ.

"ಒಂದೂರಾಗ ಒಬ್ಬ ಇದ್ದ. ಕಲ್ಲಿಗೆ ಕಾಲು ಬರತಾವೇನ್ರಿ? ಬರಂಗಿಲ್ಲ, ಆಸೆಗೆ ಬರತಾವ. ಮೊದ್ಲು ಒಂದು ಗೇಣು ಸರೀತೈತಿ, ಯಾರೂ ಏನೂ ಅನ್ನಂಗಿಲ್ಲ. ಆಮ್ಯಾಲೆ ಅದು ಸರದ ಕಲ್ಲು ಅನ್ನೋದ ಅವಗ ಮರ್ತು ಹೋಗತೈತಿ. ಅದಕ್ಕ ಕಾಯಿ ಒಡದು ಕೈ ಮುಗೀತಾನ. ಮನುಷ್ಯ ಕೆಡೋದು ಅಂದ್ರ ಇದ ನೋಡ್ರಿ. ಕದಿಯೋದಲ್ಲ, ಕದ್ದಿದ್ದು ಮರಿಯೋದು."

ಗುಡಿಯಲ್ಲಿ ಶಿಳ್ಳೆ ಬಿತ್ತು. ಗುರುಸಂಗಪ್ಪ ಮಾತ್ರ ಅವನನ್ನೇ ನೋಡಿದ, ಪೇಟಿ ಮುಚ್ಚಿದ, ಎದ್ದು ಹೋದ. ಉಳಿದ ನುಡಿಗಳನ್ನು ಹಾಡಲೇ ಇಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಬುತ್ತಿಗೂ ಬರಲಿಲ್ಲ.

ಯರ್ರೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಊರವರು ಇನ್ನಷ್ಟು ಗೊಂದಲ ಮಾಡಿದರು. ಮೈಲಾರ ಜಾತ್ರೆಯ ಕಾರಣಿಕದ ನುಡಿಗೆ ಹತ್ತು ಮಂದಿ ಹತ್ತು ಅರ್ಥ ಹಚ್ಚುವಂತೆ, ಅವನ ದೃಷ್ಟಾಂತಕ್ಕೂ ಹಚ್ಚಿದರು. ಪಕ್ಕೀರಮ್ಮ ಅವನನ್ನು ತಡೆದು ನಿಲ್ಲಿಸಿ, "ನಮ್ಮ ಮೈದುನಗ ಚಲೋ ಬಿಗದಿ ನೋಡಪ್ಪ" ಎಂದಳು. ಓಬಳೇಶ ಮಾತ್ರ, "ಪಾಪ, ಸಂಗಪ್ಪಣ್ಣಗ ಹಂಗ ಅನಬಾರದಿತ್ತು" ಎಂದ.

"ನಾ ಯಾರಿಗೂ ಅಂದಿಲ್ಲಲೇ!" ಎಂದು ಯರ್ರೆಪ್ಪ ಕೂಗಿದ. ಯಾರೂ ನಂಬಲಿಲ್ಲ. ಅಷ್ಟು ಜನರಲ್ಲಿ ಒಬ್ಬರಾದರೂ ಇದು ತಮ್ಮದೇ ಕತೆ ಎಂದುಕೊಳ್ಳಲಿಲ್ಲ, ಅದು ನನಗೆ ಸೋಜಿಗ.

ಬೇವಿನ ಗಿಡದ ಕೆಳಗೆ ಒಬ್ಬನೇ ಉಂಡು ಯರ್ರೆಪ್ಪನಿಗೆ ಸಾಕಾಯಿತು. ಕಡೆಗೆ ಒಂದು ಮುಂಜಾನೆ ನನ್ನನ್ನೂ ಎಳೆದುಕೊಂಡು ಗುರುಸಂಗಪ್ಪನ ಮನೆಗೆ ಹೋದ. ಗುರುಸಂಗಪ್ಪ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ.

"ಸಂಗಪ್ಪಣ್ಣ, ಬೀರಪ್ಪನಾಣಿ, ಆ ಮಾತು ನಿನಗ ಅಂದಿದ್ದಲ್ಲ."

"ಗೊತ್ತೈತಿ. ನಾ ನಿನಗ ಹಾಡಿದ್ದೆ."

ಯರ್ರೆಪ್ಪ ನನ್ನ ಮುಖ ನೋಡಿದ. ಇದಕ್ಕೂ ಯಾರಾದರೂ ಅರ್ಥ ಹೇಳಬೇಕಿತ್ತು.

"ಬದುವಿನ ಕಲ್ಲು ನನ್ನ ಹೊಲದಾಗ ಬರಾಕತ್ತೈತಿ," ಎಂದ ಗುರುಸಂಗಪ್ಪ. ಅವನು ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಕೂಡಿ ಉಣ್ಣೋ ಮನುಷ್ಯಗ ಹೆಂಗ ಕೇಳ್ಲಿ? ಪದ ಹಾಡಿದ್ರ ತಿಳೀತೈತಿ ಅಂದ್ಕೊಂಡೆ. ನಿನ್ನ ಬಿಟ್ರ ಅರ್ಥ ಯಾರಿಗೆ ತಿಳೀತೈತಿ? ಎಷ್ಟು ಚಂದ ಹೇಳಿದ್ಯೋ ಯರ್ರೆಪ್ಪ. ಒಂದು ಮಾತೂ ನಿನಗ ತಾಗಲಿಲ್ಲ."

ಮೂವರೂ ಹೊಲಕ್ಕೆ ಹೋದೆವು. ಕಲ್ಲು ಬದುವಿನಿಂದ ಆಚೆ, ಗುರುಸಂಗಪ್ಪನ ನೆಲದಲ್ಲಿ ನಿಂತಿತ್ತು. ಅದಕ್ಕೆ ಭಂಡಾರ ಬಳಿದಿತ್ತು, ಬುಡದಲ್ಲಿ ಒಣಗಿದ ತೆಂಗಿನಕಾಯಿ ಕರಟ. ಎಳ್ಳಮಾವಾಸ್ಯೆಗೆ ಹೊಲದ ಪೂಜೆ ಮಾಡಿ ಚರಗದ ಎಡೆ ಚೆಲ್ಲುವಾಗ ಯರ್ರೆಪ್ಪನೇ ಒಡೆದ ಕಾಯಿ. ಪ್ರಸಾದದ ಚೂರು ನಾನೂ ತಿಂದಿದ್ದೆ.

ಯರ್ರೆಪ್ಪ ಹೊಲ ಹೊಡೆಯುತ್ತಿದ್ದ ತನ್ನ ಮಗ ಬೀರಲಿಂಗೇಶನನ್ನು ಕೂಗಿ ಕೇಳಿದ. ಅವನು ಟ್ರ್ಯಾಕ್ಟರ್ ಮೇಲಿಂದಲೇ, "ಟ್ರ್ಯಾಕ್ಟರ್ ಹೊಳ್ಳಿಸಾಕ ಅಡ್ಡ ಆಗ್ತಿತ್ತು, ಒಂಚೂರು ಸರಿಸೀನಿ. ಬಿತ್ತೋವಾಗೆಲ್ಲ ಒಂದೊಂದ್ಸಲ. ಯಪ್ಪಾ, ನೀನೂ ಇಲ್ಲೇ ನಿಂತಿದ್ದೆಲ್ಲ?" ಎಂದ.

"ನಿಂತಿದ್ನೇನು?" ಯರ್ರೆಪ್ಪ ಮಗನನ್ನು ಕೇಳಿದ, ಆಮೇಲೆ ನನ್ನನ್ನು ಕೇಳಿದ. ನನಗೇನು ಗೊತ್ತು! ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ. ನಿಜ ಹೇಳುತ್ತಿದ್ದಾನೆ ಅಂತಲೂ ಅನ್ನಿಸಲಿಲ್ಲ. ದಿನಾ ಅದೇ ಕಲ್ಲನ್ನು ದಾಟಿ ನೀರು ಕಟ್ಟಲು ಹೋಗುವವನು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಯ್ಯೋ ಅನ್ನಿಸಿತು. ಹಾರೆ ತಂದು ಯರ್ರೆಪ್ಪನೇ ಕಲ್ಲು ಕಿತ್ತ. ಗುರುಸಂಗಪ್ಪ ಬೆರಳು ತೋರಿಸಿದ ಜಾಗದಲ್ಲಿ ಹುಗಿದ.

ಮುಂದಿನ ಸೋಮವಾರ ಗುರುಸಂಗಪ್ಪ ಪೇಟಿ ಹೊತ್ತು ಬಂದ. ಜನ ಅದೇ ಪದ ಬೇಕೆಂದು ಹಟ ಹಿಡಿದರು. ನಡೆದ ಕಲ್ಲಿಗೆ ಕಾಯಿ ಒಡೆಯುವಲ್ಲಿಗೆ ಹಾಡು ನಿಂತಿತು. ಬೀಡಿ ಸೇದುವವರು ಒಳಗೆ ಬಂದು ಕೂತರು.

"ಒಂದೂರಾಗ ಒಬ್ಬ ಇದ್ದ," ಎಂದ ಯರ್ರೆಪ್ಪ. ವಲ್ಲಿಯಿಂದ ಮುಖ ಒರೆಸಿಕೊಂಡ. ಗುರುಸಂಗಪ್ಪ ಪೇಟಿಯ ಮೇಲೆ ಕೈಯಿಟ್ಟು ಕಾದ.

"ಒಬ್ಬ ಇದ್ದ. ಅವಗ ಗೊತ್ತಿತ್ತೋ ಇಲ್ಲೋ, ನನಗ ತಿಳೀವಲ್ದು. ಮುಂದ ಹಾಡು, ಸಂಗಪ್ಪಣ್ಣ."