‘ಸಿಕ್ತು’ ಅನ್ನುವವರೆಗೆ ಬಿಡದ ಅನಸೂಯಾ ಮೇಡಂ

ವಿಷಯವನ್ನು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿಸುವ ಶಕ್ತಿಯ ಮೇಲೆಯೇ ಮನುಷ್ಯನ ನಾಗರಿಕತೆ ನಿಂತಿದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರ ಟಪಾಲು ಶಾಖೆಯಲ್ಲಿದ್ದೆ. ವಿಷಯ ಮುಟ್ಟದಂತೆ ನೋಡಿಕೊಂಡಿದ್ದಕ್ಕೆ ನನಗೆ ಆಗ ಸಂಬಳ, ಈಗ ಪಿಂಚಣಿ.

ಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಮೇಲಿನ ಮನೆಯಲ್ಲಿದ್ದ ಅನಸೂಯಾ ಮೇಡಂ ಇದಕ್ಕೆ ನೇರ ವಿರುದ್ಧ ಪಂಥದವರು. ಅವರು ಕೊಟ್ಟ ಕಾಫಿ ಲೋಟವನ್ನು ನೀವು ಹಿಡಿದುಕೊಂಡರೆ ಸಾಲದು. “ಸಿಕ್ತಾ?” ಎನ್ನುತ್ತಿದ್ದರು. ನೀವು ಬಾಯಿಬಿಟ್ಟು “ಸಿಕ್ತು” ಎನ್ನುವವರೆಗೆ ಲೋಟದ ಅಂಚು ಬಿಡುತ್ತಿರಲಿಲ್ಲ. ಮೊದಲ ದಿನ ನಾನು ಸಂಕೋಚದಿಂದ ತಲೆಯಾಡಿಸಿದೆ. ತಲೆಯಾಡಿಸುವುದು ಲೆಕ್ಕಕ್ಕಿಲ್ಲ ಎಂದು ತಿಳಿಯುವಷ್ಟರಲ್ಲಿ ಬೆರಳು ಸುಟ್ಟಿತ್ತು.

ಅವರ ವಿದ್ಯೆಯೇ ಅಂಥದ್ದು. ಎಂಜಿನಿಯರಿಂಗ್ ಕಾಲೇಜಿನಿಂದ ನಿವೃತ್ತರಾದ ಮೇಲೂ ಸಂಶೋಧನೆ ಬಿಟ್ಟಿರಲಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದ ಸಂದೇಶ ತರಿಸುವುದು ಅವರ ಕೆಲಸ. ಸಂದೇಶ ಒಂದು ಪೆಟ್ಟಿಗೆಯಲ್ಲಿ ಕಾದು ಕೂತಿರುತ್ತದೆ. ಆ ದಾರಿಯಾಗಿ ಬಂದ ಯಾವುದೋ ಗಾಡಿಯ ಪೆಟ್ಟಿಗೆಗೆ ಹತ್ತಿಕೊಳ್ಳುತ್ತದೆ. ಗಾಡಿ ಊರು ಸೇರಿದಾಗ ಇಳಿಯುತ್ತದೆ. ಗಂಟೆಯಾಗಲಿ, ದಿನವಾಗಲಿ, ಮುಂದಿನ ಪೆಟ್ಟಿಗೆ ‘ಸಿಕ್ಕಿತು’ ಎಂದು ಒಪ್ಪಿಕೊಳ್ಳುವವರೆಗೆ ಹಿಂದಿನದು ತನ್ನಲ್ಲಿರುವುದನ್ನು ಅಳಿಸುವಂತಿಲ್ಲ. ಡಿಲೇ ಟಾಲರೆಂಟ್ ನೆಟ್‌ವರ್ಕ್ ಎಂದು ಅದರ ಹೆಸರು. ತಡವನ್ನು ಸಹಿಸುವ ಜಾಲ.

“ಜಾಲ ಸಹಿಸತ್ತೆ ಮೂರ್ತಿಯವರೇ. ನಾನು ಸಹಿಸಲ್ಲ,” ಎನ್ನುತ್ತಿದ್ದರು. ಲಿಫ್ಟ್ ರಿಪೇರಿಯವನು, ಗ್ಯಾಸ್ ಏಜೆನ್ಸಿಯವನು, ನಮ್ಮ ಸಂಘದ ಕಾರ್ಯದರ್ಶಿ, ಎಲ್ಲರೂ ಈ ಮಾತಿನ ಸತ್ಯವನ್ನು ಬಲ್ಲವರು.

ಬೇಗೂರಿನ ಆಚೆ ಒಂದು ಬೀದಿ. ಇಡೀ ಬೀದಿಗೆ ಒಂದೇ ಕೊಳವೆಬಾವಿ. ಅದರ ಪಂಪು ನೆಲದೊಳಗಿನ ಗುಂಡಿಯಲ್ಲಿ, ಅಲ್ಲಿ ಯಾವ ಫೋನೂ ಮಾತಾಡದು. ಬಾವಿಯ ನೀರಿನ ಮಟ್ಟ ಅಳೆಯುವ ಸಾಧನವನ್ನು ಮೇಡಂ ಅಲ್ಲಿ ಇಳಿಬಿಟ್ಟಿದ್ದರು. ಪಕ್ಕದ ಸೈಟಿನಲ್ಲಿ ಅದಕ್ಕಿಂತ ಆಳವಾದ ಖಾಸಗಿ ಬಾವಿ. ನಮ್ಮ ಅಪಾರ್ಟ್‌ಮೆಂಟಿನ ನೆಲದಡಿಯ ಸಂಪ್‌ಗೆ ನೀರು ತರುವ ಟ್ಯಾಂಕರು ತುಂಬಿಕೊಳ್ಳುತ್ತಿದ್ದದ್ದು ಅಲ್ಲಿಯೇ. ಆ ಟ್ಯಾಂಕರಿನ ಸೀಟಿನ ಕೆಳಗೊಂದು ಪೆಟ್ಟಿಗೆ, ಮೇಡಂ ಬಾಲ್ಕನಿಯಲ್ಲೊಂದು ಪೆಟ್ಟಿಗೆ. ಹೀಗೆ ಅಲ್ಲಿಯ ನೀರು ಇಳಿದ ಸುದ್ದಿ ನಮ್ಮ ಮನೆಯ ನೀರಿನ ಜೊತೆಗೇ ಬರುತ್ತಿತ್ತು. ಡ್ರೈವರು ಬಸಣ್ಣ ಕೊಪ್ಪಳದ ಕಡೆಯವನು, ಬಿಟಿಎಂನಲ್ಲಿ ರೂಮು. ಬಾಲ್ಕನಿಯ ಕೆಳಗೆ ಗಾಡಿ ನಿಲ್ಲಿಸಿ, ಪೆಟ್ಟಿಗೆಯ ದೀಪ ಹಸಿರಾದದ್ದನ್ನು ನೋಡಿ, “ಸಿಕ್ಕೈತ್ರಿ ಮೇಡಂ” ಎಂದು ಕೂಗಿಯೇ ಹೊರಡುತ್ತಿದ್ದ. ನಮ್ಮ ಕಟ್ಟಡದಲ್ಲಿ ಮೇಡಂ ಗದರದೆ ಮಾತಾಡಿಸುತ್ತಿದ್ದದ್ದು ಅವನೊಬ್ಬನನ್ನೇ.

ಎಂಟು ತಿಂಗಳ ಅಳತೆ ಹೇಳಿದ್ದು ಒಂದೇ ಮಾತು. ಖಾಸಗಿ ಬಾವಿಯ ಪಂಪು ಓಡಿದಾಗೆಲ್ಲ ಬೀದಿಯ ಬಾವಿ ಇಳಿಯುತ್ತಿತ್ತು, ಪಂಪು ನಿಂತ ಮೇಲೆ ಹಿಂದಿನಷ್ಟು ಏರುತ್ತಿರಲಿಲ್ಲ. ಹೀಗೇ ಬಿಟ್ಟರೆ ಶಿವರಾತ್ರಿ ದಾಟುವುದಿಲ್ಲ. ಮೇಡಂ ಇದನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿ, ಟ್ಯಾಂಕರು ಕಡಿಮೆ ಮಾಡೋಣ ಎಂದು ಕೇಳಿದರು. ಸಾಲಾಗಿ ಹೆಬ್ಬೆರಳುಗಳು ಬಂದವು. ಮರುದಿನ ಟ್ಯಾಂಕರೂ ಎಂದಿನಂತೆ ಬಂತು.

“ಈ ಹೆಬ್ಬೆರಳಿಗೆ ಏನ್ರೀ ಅರ್ಥ? ಸಿಕ್ತು ಅಂತಲೋ, ಸುಮ್ನಿರಿ ಅಂತಲೋ?” ಎಂದು ನನ್ನ ಬಾಗಿಲಿಗೆ ಬಂದು ಕೇಳಿದರು. ಅದರಲ್ಲೊಂದು ಹೆಬ್ಬೆರಳು ನನ್ನದು. ನಾನು ಕಾಫಿ ಕುಡಿಯಿರಿ ಎಂದೆ.

ಪಂಪು ಓಡಿಸುವ ಹೊತ್ತಿಗೆ ಮಿತಿ ಹಾಕುವ ಅಧಿಕಾರವಿದ್ದ ಕಚೇರಿಗೆ ವರದಿ ಕೊಡುವುದೆಂದಾಯಿತು. ಕಚೇರಿಯ ರೀತಿ ಬಲ್ಲವನೆಂದು ನಾನೂ ಜೊತೆಗೆ. ಕೊಡುವುದು ಒಂದು ಪ್ರತಿ. ಎರಡನೆಯ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂಬ ಮೊಹರು ಹಾಕಿಸಿಕೊಂಡು ಬರುವುದು. ಮೊದಲ ಸೋಮವಾರ, ಮೊಹರು ಇರುವ ಬೀರುವಿನ ಕೀ ರಜೆಯ ಮೇಲಿತ್ತು. ಎರಡನೆಯ ಸೋಮವಾರ, ಅನುಬಂಧ ಇಂಗ್ಲಿಷಿನಲ್ಲಿತ್ತು. ಮೇಡಂ ಗೆರೆಗಳ ನಕ್ಷೆಯನ್ನೂ ಕನ್ನಡಕ್ಕೆ ತಂದರು. ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದಾಗ ಬಂದ ಉತ್ತರ: ಲಕೋಟೆ ತಲುಪಿದೆ, ಒಳಗೆ ಏನೂ ಇರಲಿಲ್ಲ.

ಮುಂದಿನ ಸಲ ಗುಮಾಸ್ತ ಕೌಂಟರಿನ ಆಚೆಯಿಂದ ವರದಿಯ ಒಂದು ತುದಿ ಹಿಡಿದ. ಮೇಡಂ ಇನ್ನೊಂದು ತುದಿ ಬಿಡಲಿಲ್ಲ.

“ಬಿಡಿ ಮೇಡಂ, ಹರಿಯತ್ತೆ.”

“ಸೀಲ್ ಹಾಕಪ್ಪ, ಬಿಡ್ತೀನಿ.”

“ತಗೊಂಡಿದೀವಿ ಅಂತ ಹೇಳ್ತಿದೀನಲ್ಲ. ನಮ್ಮೇಲೆ ನಂಬಿಕೆ ಇಲ್ವಾ?”

“ಟ್ಯಾಂಕರ್ ಸೀಟಿನ ಕೆಳಗಿರೋ ಡಬ್ಬಿ ಮೇಲಿದೆ. ನಿನ್ನ ಮೇಲಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ವರದಿ ಮಧ್ಯಕ್ಕೆ ಹರಿಯಿತು. ಹರಿದ ಕಾಗದ ತೆಗೆದುಕೊಳ್ಳುವ ನಿಯಮವಿಲ್ಲ ಎಂದು ಗುಮಾಸ್ತ ಗಂಭೀರವಾಗಿ ಹೇಳಿದ.

ವಾಪಸು ಬರುವಾಗ ಆಟೋದಲ್ಲಿ ಕೇಳಿದರು. “ಮೊಹರು ಹಾಕಿದ್ರೆ ಇವರ ಗಂಟೇನು ಹೋಗತ್ತೆ?”

“ಹಾಕಿದ ದಿನದಿಂದ ಅದು ನಮ್ಮ ತಲೆ ಮೇಲೆ ಮೇಡಂ. ಉತ್ತರ ಕೊಡ್ಬೇಕು. ಹಾಕ್ಲಿಲ್ಲ ಅಂದ್ರೆ ಅದು ಬಂದೇ ಇಲ್ಲ.”

“ನಮ್ಮ?” ಎಂದರು. “ನೀವೂ ಹಿಂಗೇ ಮಾಡ್ತಿದ್ರಾ?”

“ಬೀರುವಿನ ಕೀ ನನ್ನ ಜೇಬಲ್ಲೇ ಇರ್ತಿತ್ತು.”

ಅವರು ಹರಿದ ವರದಿಯ ಎರಡು ತುಂಡುಗಳನ್ನು ಬನಶಂಕರಿ ದಾಟುವವರೆಗೆ ಮಡಿಲಲ್ಲಿ ಜೋಡಿಸುತ್ತಿದ್ದರು. ನನಗೆ ಇಳಿದು ನಡೆದು ಹೋಗಬೇಕೆನಿಸಿತು. ಎಷ್ಟು ಜನ ಹೀಗೆ ಕಾಗದದ ತುದಿ ಹಿಡಿದು ನನ್ನ ಕೌಂಟರಿನ ಮುಂದೆ ನಿಂತಿದ್ದರೋ, ಯಾರ ಯಾವ ಬಾವಿ ಬತ್ತಿತೋ, ನಾನು ತಿಳಿಯಲು ಹೋಗಿರಲಿಲ್ಲ. ಇಳಿಯುವಾಗ ಮೇಡಂ ಹೇಳಿದರು: “ಹಾಗಾದ್ರೆ ಅವರ ಆಟ ಎಲ್ಲಾ ನಿಮಗೆ ಗೊತ್ತು. ಸೋಮವಾರ ಹತ್ತೂವರೆಗೆ. ತಡ ಮಾಡಬೇಡಿ.”

ಕಾರ್ತಿಕದಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ನೋಡಲು ಹೋದಾಗ ಹೊಸದಾಗಿ ಮುದ್ರಿಸಿದ ಎರಡು ಪ್ರತಿಗಳನ್ನು ದಿಂಬಿನ ಕೆಳಗಿಂದ ತೆಗೆದು ಚಾಚಿದರು. ಹಿಡಿದೆ. ಅವರು ಬಿಡಲಿಲ್ಲ.

“ಸಿಕ್ತಾ?”

“ಸಿಕ್ತು ಮೇಡಂ.”

ಬಿಟ್ಟರು. ಅದೇ ಕೊನೆಯ ಭೇಟಿ.

ಅವರ ವೈಕುಂಠ ಸಮಾರಾಧನೆ ಮುಗಿದ ಮೇಲಿನ ಸೋಮವಾರ ಕಚೇರಿಗೆ ನಾನೊಬ್ಬನೇ ಹೋದೆ. ಗುಮಾಸ್ತ ಆಚೀಚೆ ನೋಡಿದ. “ಮೇಡಂ ಬರ್ಲಿಲ್ವಾ ಸಾರ್?”

“ತೀರ್ಕೊಂಡ್ರು.”

“ಅಯ್ಯೋ ಪಾಪ,” ಎಂದ. ನಿಜವಾಗಿಯೇ ನೊಂದುಕೊಂಡ. ಆಮೇಲೆ ವರದಿಯನ್ನು ನನ್ನ ಕಡೆಗೇ ತಳ್ಳಿದ. “ಅರ್ಜಿದಾರರೇ ಇಲ್ಲ ಅಂದ್ಮೇಲೆ ಹೆಂಗ್ ಸಾರ್ ತಗೊಳ್ಳೋದು?”

ಈ ಒಂದು ಆಟ ಮಾತ್ರ ನನಗೂ ಹೊಳೆದಿರಲಿಲ್ಲ. ನನ್ನ ಹೆಸರಿನಲ್ಲಿ ಹೊಸ ಅರ್ಜಿ ಬರೆದುಕೊಂಡು ಹೋದೆ. ನೀವು ಆ ಬೀದಿಯ ನಿವಾಸಿಯಲ್ಲ ಎಂದರು. ಅಲ್ಲ, ಆ ಬೀದಿಯ ನೀರು ಕುಡಿಯುವವನು ಎಂದೆ. ಅದಕ್ಕೆ ಬೇರೆ ನಮೂನೆಯಿದೆಯಂತೆ, ಮುಗಿದುಹೋಗಿದೆಯಂತೆ. ಈಗಲೂ ಪ್ರತಿ ಸೋಮವಾರ ಹೋಗುತ್ತೇನೆ.

ಬೀದಿಯ ಬಾವಿ ಶಿವರಾತ್ರಿಗೆ ಒಂಬತ್ತು ದಿನ ಮೊದಲು ಬತ್ತಿತು. ಈಗ ಆ ಬೀದಿಗೂ ಬಸಣ್ಣನ ಟ್ಯಾಂಕರೇ ನೀರು ಹಾಕುತ್ತದೆ. ಎರಡೂ ಪ್ರತಿಗಳು ನನ್ನ ಬಳಿ ಇವೆ. ಮೊಹರು ಬಿದ್ದಿಲ್ಲ.